ಜರಡಿಯಲ್ಲಿ ಉಳಿದ ಮಾತು

ಧೈರ್ಯವನ್ನು ಅಂಗಿಯ ಹಾಗೆ ತೊಟ್ಟು ಬಿಚ್ಚುವಂತಿದ್ದರೆ ಏನಾಗುತ್ತಿತ್ತು? ಹೆಚ್ಚೇನೂ ಆಗುತ್ತಿರಲಿಲ್ಲ, ಜನ ಪಾಳಿ ಹಚ್ಚಿ ಸಾಲಾಗಿ ನಿಲ್ಲುತ್ತಿದ್ದರು. ಧಾರವಾಡದಾಚೆಯ ಗುಡ್ಡದ ಮೇಲೆ ಶೌರ್ಯದರ್ಶನ ಕೇಂದ್ರ ತೆರೆದ ಮೇಲೆ ಆದದ್ದೂ ಅಷ್ಟೇ. ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಮಂದಿ ಬಂದರು. ಒಬ್ಬೊಬ್ಬರಾಗಿ ಒಳಗೆ ಹೋಗಿ, ಯಾರೋ ಒಬ್ಬ ಸೈನಿಕನ ಕೊನೆಯ ಕಾಳಗವನ್ನು ಮೈಮೇಲೆ ತೊಟ್ಟು, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು, ಗೇಟಿನ ಬಳಿ ಗಿರಮಿಟ್ ತಿಂದು ಮನೆಗೆ ಹೋದರು.

ಯಂತ್ರದಲ್ಲಿ ಮಾಯಮಂತ್ರವೇನೂ ಇರಲಿಲ್ಲ. ಸೈನಿಕರು ಕವಚದ ಒಳಗೆ ತೆಳ್ಳನೆಯ ಅಂಗಿಯೊಂದನ್ನು ತೊಡುತ್ತಿದ್ದರು. ಅದರ ನೂಲೇ ಅವರ ಎದೆಬಡಿತ, ಉಸಿರು, ನರಗಳ ಸೆಳೆತ, ಬಾಯಿಂದ ಬಂದ ಮಾತು ಎಲ್ಲವನ್ನೂ ಹಿಡಿದಿಡುತ್ತಿತ್ತು. ಗಾಯಗೊಂಡವನಿಗೆ ಎಲ್ಲಿ ಪೆಟ್ಟಾಗಿದೆ ಎಂದು ವೈದ್ಯರಿಗೆ ತಿಳಿಯಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ ಅದನ್ನು ನೇಯ್ದಿದ್ದರು. ಆಮೇಲೆ ಯಾರಿಗೋ ಹೊಳೆಯಿತು: ಅದನ್ನೇ ಹಿಂದುಮುಂದು ಮಾಡಿದರೆ? ಇನ್ನೊಂದು ಅಂಗಿ ನೇಯ್ದು ಆ ದಾಖಲೆಯನ್ನು ಅದರಲ್ಲಿ ಹರಿಸಿದರೆ, ತೊಟ್ಟವನ ಮೈಯನ್ನು ಅದು ಹಾಗೆಯೇ ಬಿಗಿಯುತ್ತದೆ, ಹಾಗೆಯೇ ಉಸಿರಾಡಿಸುತ್ತದೆ. ಜೋಳ ಬೀಸುವವನೂ ಯುದ್ಧಕ್ಕೆ ಹೋಗಿಬರಬಹುದು.

ಆದರೆ ಹಸಿ ದಾಖಲೆಯನ್ನು ಜನರ ಮೈಗೆ ಹಾಕುವಂತಿರಲಿಲ್ಲ. ಮೊದಲ ಸಲ ತೊಟ್ಟು ನೋಡಿದ ದೊಡ್ಡ ಅಧಿಕಾರಿಗಳಲ್ಲಿ ಒಬ್ಬರು ವಾಂತಿ ಮಾಡಿಕೊಂಡರು, ಒಬ್ಬರ ಪ್ಯಾಂಟು ಒದ್ದೆಯಾಯಿತು, ಮತ್ತೊಬ್ಬರು ‘ಯವ್ವಾ’ ಎಂದು ಚೀರಿದ್ದನ್ನು ಆಮೇಲೆ ಒಪ್ಪಲೇ ಇಲ್ಲ. ಹಾಗಾಗಿ ಕೇಂದ್ರದಲ್ಲಿ ‘ಹದ’ ಎಂಬ ವಿಭಾಗ ಹುಟ್ಟಿತು. ಅಡುಗೆಮನೆಯ ಮಾತು ಪ್ರಯೋಗಶಾಲೆಗೆ ಬಂತು. ಹದದ ಮುಖ್ಯಸ್ಥೆ ನೀಲಗಂಗಾ.

ನೀಲಗಂಗಾ ಕಂಡುಕೊಂಡ ಗುಟ್ಟು ಬಹಳ ಸರಳವಾಗಿತ್ತು. ಹೆದರಿದವನ ಎದೆಯೂ ಹೀಗೇ ಬಡಿಯುತ್ತದೆ, ಧೀರನ ಎದೆಯೂ ಹೀಗೇ ಬಡಿಯುತ್ತದೆ. ವ್ಯತ್ಯಾಸವಿರುವುದು ಹೊಟ್ಟೆಯಲ್ಲಿ, ಮೊಣಕಾಲಲ್ಲಿ, ದನಿಯ ನಡುಕದಲ್ಲಿ. ಹೊಕ್ಕುಳಿನಿಂದ ಕೆಳಗಿನದನ್ನು ಅಳಿಸಿ, ನಡುಗುವ ದನಿಯನ್ನು ಸೋಸಿ ತೆಗೆದರೆ ಉಳಿಯುವುದೇ ಶೌರ್ಯ. ದನಿ ಸೋಸುವ ಈ ಏರ್ಪಾಡಿಗೆ ಅವಳು ‘ಜರಡಿ’ ಎಂದು ಹೆಸರಿಟ್ಟಿದ್ದಳು. ಅದಕ್ಕಾಗಿ ಅವಳಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು, ಅವಳು ಹಿಗ್ಗಿದ್ದಳು ಕೂಡ.

ಕೇಂದ್ರದಲ್ಲಿ ಎಲ್ಲಕ್ಕಿಂತ ಉದ್ದದ ಪಾಳಿ ಇರುತ್ತಿದ್ದದ್ದು ನಾಯಕ್ ವೀರಭದ್ರನ ಅಂಗಿಗೆ. ಗಡಿಯಾಚೆಯ ಕಣಿವೆಯ ಹಳ್ಳಿಯೊಂದರಲ್ಲಿ ಶತ್ರುಗಳು ಎದುರಾದಾಗ ಒಂದೇ ಒಂದು ಕೂಗಿನಿಂದ ತನ್ನ ತುಕಡಿಯನ್ನು ಮುನ್ನುಗ್ಗಿಸಿದ ವೀರ ಅವನು. ಕೂಗು ‘ಹೊಡಿ!’ ಅಷ್ಟೇ. ಆ ಒಂದು ಶಬ್ದ ನಾಡಿನ ತುಂಬ ಹಬ್ಬಿತು. ಆಟೋಗಳ ಬೆನ್ನ ಮೇಲೆ, ಕಬಡ್ಡಿ ಅಂಕಣದಲ್ಲಿ, ಶಾಲೆಯ ಪ್ರಾರ್ಥನೆ ಮುಗಿದ ಮೇಲೆ ಹುಡುಗರ ಬಾಯಲ್ಲಿ, ಎಲ್ಲೆಲ್ಲೂ ‘ಹೊಡಿ!’ ಸರ್ಕಾರಕ್ಕೆ ಅವನು ವೀರಭದ್ರ. ನೀಲಗಂಗಾಳಿಗೆ ಅವನು ಒಡಹುಟ್ಟಿದ ತಮ್ಮ, ಈರ್ಯಾ. ಅವನ ದಾಖಲೆಯನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಹದ ಮಾಡಿದ್ದಳು. ಹಾಗೆ ನೋಡಿದರೆ ಮಾತಿನ ಭಾಗವನ್ನು ಜರಡಿಯೇ ಸೋಸಿ ಕೊಟ್ಟಿತ್ತು. ತಮ್ಮನ ಸಂಕಟವನ್ನು ಹಸಿಹಸಿಯಾಗಿ ಕೇಳುವ ಎದೆ ತನಗಿಲ್ಲವೆಂದು ಅವಳು ಮೂಲವನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ.

ಈಗ ಅವಳ ಮಗಳು ಕಸ್ತೂರಿ ಸೇನೆಗೆ ಭರ್ತಿಯಾಗಲು ಹೊರಟಿದ್ದಳು.

“ಐತವಾರ ಮೈದಾನದಾಗ ಭರ್ತಿ ಐತಿ ಅವ್ವಾ. ಸ್ಟೇಜಿನ ಮ್ಯಾಲೇ ಮಾಮಾನ ಅಂಗಿ ತೊಡಿಸ್ತಾರ. ಮಾಮಾನ ಕೈಲೇ ತಿಲಕ ಹಚ್ಚಿಸ್ಕೋಬೇಕು ನಾ,” ಎಂದಳು ಕಸ್ತೂರಿ, ರೊಟ್ಟಿ ಮುರಿಯುತ್ತ.

“ಅಂವ ಎಲ್ಲಿಗೂ ಬರೂದಿಲ್ಲವಾ. ಮುಖ್ಯಮಂತ್ರಿ ಕರದ್ರೂ ಹೋಗಲಿಲ್ಲ.”

“ಅವರು ಕರದದ್ದು ಬ್ಯಾರೆ, ನಾ ಕರಿಯೂದು ಬ್ಯಾರೆ. ನನ್ನನ್ನ ಹೆಗಲ ಮ್ಯಾಲೆ ಹೊತ್ತು ಬೆಳಸ್ಯಾನ. ನೀ ಹೋಗಿ ಕರ್ಕೊಂಡ ಬಾ.”

ಅದು ನಿಜ. ನೀಲಗಂಗಾಳ ಗಂಡ ತೀರಿಕೊಂಡಾಗ ಕಸ್ತೂರಿ ಇನ್ನೂ ಅಂಬೆಗಾಲಿಡುತ್ತಿದ್ದಳು. ರಜೆಗೆ ಬಂದಾಗಲೆಲ್ಲ ಈರ್ಯಾ ಅವಳನ್ನು ಹೆಗಲಿಂದ ಇಳಿಸುತ್ತಿರಲಿಲ್ಲ. ಮಗಳು ಮಾಮಾನ ದಾರಿ ಹಿಡಿದಳೆಂದು ನೀಲಗಂಗಾಳಿಗೆ ಹೆಮ್ಮೆಯೂ ಇತ್ತು. ಆದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊರ ಮಕ್ಕಳೆಲ್ಲ ಅಂಗಿ ತೊಟ್ಟು ಭರ್ತಿಗೆ ಹೋದಾಗ ಇಳಿದಿತ್ತು, ಈಗ ಇಳಿಯುತ್ತಿರಲಿಲ್ಲ.

ಈರ್ಯಾ ನವಲಗುಂದದ ಕಡೆ ಒಂದು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಸೇನೆಯಿಂದ ಬಂದವನಿಗೆ ಪೆಟ್ರೋಲ್ ಬಂಕು ಕೊಡುತ್ತೇವೆಂದರೂ ಬೇಡವೆಂದು ಗಿರಣಿ ಹಾಕಿದ್ದ. ಯಾಕೆಂದು ನೀಲಗಂಗಾಳಿಗೆ ಅಲ್ಲಿ ನಿಂತ ಮೇಲೆಯೇ ತಿಳಿದದ್ದು. ಗಿರಣಿ ತಿರುಗುವಾಗ ಯಾರು ಏನು ಅಂದರೂ ಕೇಳುವುದಿಲ್ಲ. ಜೋಳ ಬೀಸಲು ಬಂದ ಮುದುಕನೊಬ್ಬ ಅವನ ಕಾಲು ಮುಟ್ಟಲು ಬಗ್ಗಿದ. ಈರ್ಯಾ ಕೆಂಡ ತುಳಿದವನಂತೆ ಹಿಂದೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತ. ಮುದುಕ ಹಿಟ್ಟಿನ ಡಬ್ಬಿ ಹೊತ್ತು ಹೋದ ಮೇಲೆಯೇ ಗಿರಣಿ ಆರಿಸಿ ಅಕ್ಕನನ್ನು ಮಾತಾಡಿಸಿದ.

“ಚಾ ಕುಡೀತೀಯೇನ?”

“ಚಾ ಇರ್ಲಿ. ಕಸ್ತೂರಿ ಭರ್ತಿ ಆಗಾಕತ್ತಾಳ. ನೀ ಬಂದು ತಿಲಕ ಹಚ್ಚಬೇಕಂತ.”

ಅವನ ಮುಖದ ಮೇಲಿನ ಹಿಟ್ಟು ಹಾಗೇ ಇತ್ತು, ಅದರಡಿಯ ಮುಖ ಮಾತ್ರ ಬಿಳಿಚಿಕೊಂಡಿತು. ಗಿರಣಿಯ ಕಲ್ಲನ್ನು ಸವರಿದ.

“ಅಕ್ಕಾ, ನಾ ಒಂದ ಕೇಳ್ತೇನಿ. ಸಿಟ್ಟಾಗಬ್ಯಾಡ. ನನ್ನ ‘ಬ್ಯಾಡ’ ಎಲ್ಲಿ ಇಟ್ಟೀ?”

“ಏನ್ ಬ್ಯಾಡ?”

“ನಾ ‘ಹೊಡಿ’ ಅನ್ನಲಿಲ್ಲ. ‘ಹೊಡಿಬ್ಯಾಡ್ರೋ’ ಅಂದೆ.”

ಅವನೇ ಹೇಳುತ್ತ ಹೋದ, ಕಲ್ಲಿಗೆ ಹೇಳುವವನಂತೆ. ಹಳ್ಳಿಯ ಕೊನೆಯ ಮನೆ. ಬಾಗಿಲು ತೆರೆಯಿತು. ಒಳಗಿನಿಂದ ಬಂದವರ ಕೈಯಲ್ಲಿ ಏನೋ ಮಿಂಚಿತು. ಅವನು ಎಲ್ಲರಿಗಿಂತ ಮುಂದಿದ್ದ, ಅವನಿಗೆ ಕಂಡಿತು: ತಾಮ್ರದ ಕೊಡ. ನೀರಿಗೆ ಹೊರಟವರು. ಒಬ್ಬ ಮುದುಕ, ಇಬ್ಬರು ಹೆಣ್ಣುಮಕ್ಕಳು, ಅವರ ಸೆರಗು ಹಿಡಿದ ಒಂದು ಕೂಸು. ಹಿಂದಿದ್ದವರಿಗೆ ಮಿಂಚಿದ್ದಷ್ಟೇ ಕಂಡಿತು. ಅವರ ಬಂದೂಕು ಏಳುವುದನ್ನು ಅವನು ನೋಡಿದ. ರೇಡಿಯೋದಲ್ಲಿ ಚೀರಿದ. ತುಕಡಿಯವರೆಲ್ಲ ನಮ್ಮ ಕಡೆಯ ಹುಡುಗರೇ, ಕನ್ನಡವೇ.

“ಹೆದರಿಕಿ ಆಗಿತ್ತು ಅಕ್ಕಾ. ‘ಹೊಡಿ’ ಅನ್ನೂತನಾ ದನಿ ಗಟ್ಟಿ ಇತ್ತು. ಆಮ್ಯಾಲೆ ಗಂಟಲ ಹಿಡೀತು, ನಡುಗಿತು. ನಡುಗಿದ್ರೂ ಅಂದೇನಿ, ನನ್ನ ಕಿವಿಗೆ ಕೇಳೇತಿ. ಅವರಿಗಷ್ಟ ಕೇಳಲಿಲ್ಲ. ಅರ್ಧಾನೇ ಕೇಳ್ತು. ಹೊಡದ್ರು.”

“ಮತ್ತ ಪದಕ?” ನೀಲಗಂಗಾಳ ಬಾಯಿಂದ ಬಂದ ಮಾತು ಇದು. ಇಂಥ ಹೊತ್ತಲ್ಲಿ ಇಂಥ ಮಾತು ಬಂತಲ್ಲ ಎಂದು ಅವಳಿಗೇ ಆಮೇಲೆ ಹೇಸಿಗೆಯಾಯಿತು.

“ಕೊಟ್ರು. ತಪ್ಪಾಗೇತಿ ಅಂತ ಸಾಹೇಬರಿಗೆ ಹೇಳ್ದೆ. ಅವರು ನನ್ನ ಬೆನ್ನ ತಟ್ಟಿ, ದಣದೀಯ, ಮಲಕೋ ಅಂದ್ರು. ಊರಿಗೆ ಬಂದ್ರ ಮಂದಿ ಹೂವಿನ ಮಾಲಿ ಹಿಡಕೊಂಡು ನಿಂತಿದ್ರು. ಯಾರಿಗೆ ಹೇಳ್ಲಿ? ನಾ ಬಾಯಿ ತೆಗದ್ರ ‘ಹೊಡಿ’ ಅಂತಾನ ಅಂತ ಕಾಯ್ತಾರ.” ಅವನು ಗಿರಣಿಯ ಗುಂಡಿ ಒತ್ತಿದ. ಗದ್ದಲದಲ್ಲಿ ಅವನ ಕೊನೆಯ ಮಾತು ಅರ್ಧ ಮಾತ್ರ ಕೇಳಿಸಿತು. “ನಾ ಬರೂದಿಲ್ಲ. ಕಸ್ತೂರೀನ...”

ಬಸ್ಸಿನಲ್ಲಿ ಕೂತ ನೀಲಗಂಗಾಳಿಗೆ ಒಂದು ಕಡೆ ಎದೆ ಕುದಿಯುತ್ತಿತ್ತು, ಇನ್ನೊಂದು ಕಡೆ ಅವಳೊಳಗಿನ ಎಂಜಿನಿಯರ್ ತಣ್ಣಗೆ ಲೆಕ್ಕ ಹಾಕುತ್ತಿದ್ದಳು. ಅಂಗಿಯ ದಾಖಲೆಯಲ್ಲಿ ‘ಬ್ಯಾಡ’ ಇಲ್ಲದ್ದಕ್ಕೆ ಕಾರಣ ಗೊತ್ತು: ನಡುಗುವ ದನಿ, ಜರಡಿಯಲ್ಲಿ ಉಳಿಯಿತು. ಆದರೆ ಕಣಿವೆಯಲ್ಲಿ ಹುಡುಗರಿಗೆ ಯಾಕೆ ಕೇಳಲಿಲ್ಲ? ಅಲ್ಲಿ ಇವಳ ಕೇಂದ್ರವೂ ಇರಲಿಲ್ಲ, ಜನರ ಪಾಳಿಯೂ ಇರಲಿಲ್ಲ.

ಮರುದಿನ ಕೇಂದ್ರಕ್ಕೆ ಹೋದವಳೇ ತಮ್ಮನ ಹಸಿ ದಾಖಲೆಯನ್ನು ಅಂಗಿಗೆ ಹರಿಸಿ ತೊಟ್ಟುಕೊಂಡಳು.

ಮೊದಲು ಬಾಯಿ ಒಣಗಿತು. ಕರುಳು ತಿರುಚಿತು, ಮೊಣಕಾಲು ನೀರಾದವು. ಕಣ್ಣಿಗೆ ಏನೂ ಕಾಣುವುದಿಲ್ಲ, ಅಂಗಿಗೆ ಕಣ್ಣಿಲ್ಲ. ಮೈಗೆ ಮಾತ್ರ ಎಲ್ಲ ಗೊತ್ತು. ‘ಹೊಡಿ’ ಎಂದಿತು ಗಂಟಲು, ಆಮೇಲೆ ನಡುಗಿ, ಸೀಳಿ, ‘ಬ್ಯಾಡ್ರೋ’ ಎಂದಿತು. ಸಿಡಿದ ಒಂದೊಂದು ಗುಂಡಿನ ಸದ್ದಿಗೂ ಮೈ ಕುಸಿಯಿತು. ಅಷ್ಟರಲ್ಲಿ ಎದೆ ಉಬ್ಬಿತು, ಪಕ್ಕೆಲುಬು ಬಿರಿಯುವಷ್ಟು ಉಬ್ಬಿತು. ನೀಲಗಂಗಾ ಇದನ್ನು ಬಲ್ಲಳು. ಜನ ಕಣ್ಣೀರು ಹಾಕುತ್ತಿದ್ದದ್ದು ಇಲ್ಲೇ. ‘ಹೊಡಿ’ ಅಂದ ಮೇಲೆ ಎದೆ ಹೆಮ್ಮೆಯಿಂದ ಉಬ್ಬುತ್ತದೆ ಎಂದು ಕೇಂದ್ರದ ಗೋಡೆಯ ಮೇಲೆ ಬರೆಸಿದ್ದರು. ಅದು ಹೆಮ್ಮೆಯಾಗಿರಲಿಲ್ಲ. ಇನ್ನೊಂದು ಸಲ ‘ಬ್ಯಾಡ’ ಎಂದು ಚೀರಲು ಅವನು ಎಳೆದುಕೊಂಡ ಉಸಿರಾಗಿತ್ತು. ಆ ಎರಡನೆಯ ಚೀರು ಪೂರ್ತಿ ನಡುಕವೇ, ಮಾತಿನ ಆಕಾರವೇ ಇರಲಿಲ್ಲ.

ಅಂಗಿ ಬಿಚ್ಚಿ, ಮುಖ ತೊಳೆದು ನಿರ್ದೇಶಕ ಇನಾಮದಾರರ ಕೋಣೆಗೆ ಹೋದಳು. ಇನಾಮದಾರರು ಕೆಟ್ಟ ಮನುಷ್ಯರೇನಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವರು.

“ಸರ್, ನನ್ನ ಜರಡೀನ ಬ್ಯಾರೆ ಎಲ್ಲೆರೆ ಬಳಸೀರೇನು?”

“ಯಾಕ್ರಿ? ಭಾಳ ಕಡೆ ಬಳಸೇವಿ. ನಿಮ್ಮ ಕೆಲಸ ಅಷ್ಟು ಚೊಲೋ ಅದ. ಮೊದಲು ಸೇನೆಯವರ ರೇಡಿಯೋಕ್ಕೇ ಹಾಕಿದ್ದು. ಒಬ್ಬ ಹೆದರಿ ನಡುಗಿದ್ರ ಹತ್ತು ಮಂದಿ ಎದಿ ಒಡೀತದ. ನಡುಗೋ ದನಿ ತುಕಡಿಗೆ ಕೇಳಿಸಬಾರದು ಅಂತ...” ಅವರು ಅವಳ ಮುಖ ನೋಡಿ ನಿಲ್ಲಿಸಿದರು.

ನೀಲಗಂಗಾ ಎಲ್ಲವನ್ನೂ ಹೇಳಿದಳು. ಇನಾಮದಾರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

“ತಮ್ಮನ ಪದಕ ಹೋಗ್ತದ, ನೋಡ್ರಿ.”

“ಹೋಗ್ಲಿ ಸರ್.”

“ಪದಕ ಅಷ್ಟ ಅಲ್ಲ. ನೀಲಗಂಗಾ ಅವರ, ಒಂದು ಮಾತು ಹೇಳ್ತೀನಿ, ಕೇಳ್ರಿ. ವೀರ ಇಲ್ಲಂದ್ರ ಯುದ್ಧ ಅನ್ನೋದು ಬರೇ ಕೊಲೆ ಆಗ್ತದ. ನಾವೇ ಕಳಿಸಿದ್ದು ಅವರನ್ನ. ನಮ್ಮ ಸಲುವಾಗಿ ಕೊಂದು ಬಂದವನ ಮಾರಿ ನೋಡಲಿಕ್ಕೆ ನಮಗ ನಾಚಿಕಿ ಬರ್ತದ. ಅದಕ್ಕ ಮಾಲಿ ಹಾಕ್ತೀವಿ. ಮಾಲಿ ಹಾಕಿದ್ರ ಮಾರಿ ಕಾಣಂಗಿಲ್ಲ. ಊರ ಮಂದಿ ಉಣ್ಣಬೇಕು, ಮಲಗಬೇಕು.”

ಅವರ ಮಾತು ಸರಿ ಎಂದು ನೀಲಗಂಗಾಳಿಗೆ ಅನ್ನಿಸಲಿಲ್ಲ. ಆದರೆ ಇಷ್ಟು ದಿನ ಊರನ್ನು ಮಲಗಿಸಿದ ಜೋಗುಳ ತನ್ನದೇ ಎಂಬ ನಾಚಿಕೆ ಅವಳನ್ನು ಹಿಡಿಯಿತು. ಸಾವಿರಾರು ಹುಡುಗರು ತಾನು ಹದ ಮಾಡಿದ ಅಂಗಿ ತೊಟ್ಟು ಭರ್ತಿಯಾಗಿದ್ದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದವಳು ತಾನು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಚೇರಿಯ ನೆಲ, ಅದೆಲ್ಲಿ ಬಾಯಿ ಬಿಡುತ್ತದೆ?

ಸಂಜೆ ಮನೆಯಲ್ಲಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು. ಕಸ್ತೂರಿ ಕೊನೆಯವರೆಗೂ ಕೇಳಿ, ಮೆಲ್ಲಗೆ ನಕ್ಕಳು.

“ನನ್ನ ತಡೀಲಿಕ್ಕೆ ಹಿಂಗ ಹೇಳಾಕತ್ತೀ ಅವ್ವಾ.”

“ಖರೆ ಐತಿ ಕಸ್ತೂರಿ. ಮಾಮಾನ್ನ ಕೇಳು.”

“ಮಾಮಾ ದುಃಖದಾಗ ಅದಾನ, ಎಲ್ಲಾ ಸೈನಿಕರೂ ಹಂಗ ಆಗ್ತಾರಂತ. ನಾ ಆ ಅಂಗಿ ಎಷ್ಟ್ ಸಲ ತೊಟ್ಟೇನಿ ಗೊತ್ತೈತೇನು? ‘ಹೊಡಿ’ ಅಂದ ಮ್ಯಾಲೆ ಎದಿ ಹೆಂಗ ಉಬ್ತೈತಿ! ನೀ ಬಾಯಿಲೆ ಹೇಳ್ತಿ, ನನ್ನ ಮೈಗೇ ಗೊತ್ತೈತಿ.”

ಆ ಮೈಗೆ ಸುಳ್ಳು ಕಲಿಸಿದವಳು ಎದುರಿಗೇ ಕೂತಿದ್ದಳು. ಹಸಿ ದಾಖಲೆಯನ್ನು ಐತವಾರ ಸ್ಟೇಜಿನ ಅಂಗಿಗೆ ಹರಿಸಿಬಿಟ್ಟರೆ ಒಂದೇ ಕ್ಷಣದಲ್ಲಿ ಇವಳಿಗೆ ತಿಳಿಯುತ್ತದೆ ಎಂದು ನೀಲಗಂಗಾಳಿಗೆ ಹೊಳೆಯದೆ ಇರಲಿಲ್ಲ. ಬೆರಳ ತುದಿಯ ಕೆಲಸ. ಆದರೆ ಆ ಕರುಳಿನ ತಿರುಚು, ಆ ಕುಸಿತ ಮಗಳ ಮೈಮೇಲೆ ಬೀಳುವುದನ್ನು ನೆನೆದಾಗ ಕೈ ಮೇಲೇಳಲಿಲ್ಲ. ಯುದ್ಧದ ಒಂದು ತುಣುಕನ್ನೂ ತನ್ನ ಮಗಳಿಗೆ ತೊಡಿಸಲಾರದವಳು ಊರಿಗೆಲ್ಲ ತೊಡಿಸಿದ್ದಳು. ಆ ರಾತ್ರಿ ಅವಳು ಉಣ್ಣಲಿಲ್ಲ.

ಐತವಾರ ಮೈದಾನ ಕಿಕ್ಕಿರಿದಿತ್ತು. ಈರ್ಯಾ ಬರಲಿಲ್ಲ. ವೀರನ ಬದಲು ವೀರನ ಅಕ್ಕನನ್ನಾದರೂ ಮಾತಾಡಿಸೋಣ ಎಂದು ಇನಾಮದಾರರು ನೀಲಗಂಗಾಳನ್ನೇ ಸ್ಟೇಜಿಗೆ ಕರೆದರು. ಅವಳು ಬಾಯಿ ಬಿಡಲಾರಳೆಂಬ ನಂಬಿಕೆ ಅವರಿಗಿತ್ತೋ, ಅಥವಾ ಬಿಟ್ಟರೆ ಬಿಡಲಿ ಎಂಬ ಆಸೆ ಮನಸ್ಸಿನ ಮೂಲೆಯಲ್ಲಿತ್ತೋ, ಹೇಳುವುದು ಕಷ್ಟ. ಕಸ್ತೂರಿ ಆಗಲೇ ಅಂಗಿ ತೊಟ್ಟು ಮೈಕಿನ ಪಕ್ಕದಲ್ಲೇ ನಿಂತಿದ್ದಳು. ಅಂಗಿಯನ್ನು ಇನ್ನೂ ಚಾಲೂ ಮಾಡಿರಲಿಲ್ಲ. ಅಮ್ಮನ ಮಾತು ಮುಗಿದ ಮೇಲೆ ಮಾಮಾನ ಕಾಳಗ, ಆಮೇಲೆ ತಿಲಕ, ಆಮೇಲೆ ಭರ್ತಿಯ ಕಾಗದಕ್ಕೆ ಹೆಬ್ಬೆರಳು ಒತ್ತುವುದು.

ನೀಲಗಂಗಾ ಮೈಕಿನ ಮುಂದೆ ನಿಂತಳು. ಹುಟ್ಟಿದಾಗಿನಿಂದ ಸಭೆಯಲ್ಲಿ ಮಾತಾಡಿದವಳಲ್ಲ. ದನಿ ನಡುನಡುವೆ ನಡುಗಿತು.

“ನನ್ನ ತಮ್ಮ ಈರ್ಯಾ ನಿಮಗೆಲ್ಲ ಗೊತ್ತು. ಅವತ್ತ ಅಂವ ‘ಹೊಡಿ’ ಅನ್ನಲಿಲ್ಲ. ‘ಹೊಡಿಬ್ಯಾಡ’ ಅಂದ. ನೀರಿಗೆ ಹೊಂಟವರನ್ನ ಕೊಂದ್ರು. ತಪ್ಪು ನನ್ನದು...”

ಮೈದಾನದ ಕಂಬಗಳಿಗೆ ಕಟ್ಟಿದ ಧ್ವನಿವರ್ಧಕಗಳಿಂದ ಹೊರಬಂದದ್ದು ಇಷ್ಟು: “ನನ್ನ ತಮ್ಮ... ನಿಮಗೆಲ್ಲ ಗೊತ್ತು... ಹೊಡಿ... ಹೊಡಿ...”

ಮುಂದಾಳುಗಳ ದನಿ ಸಭೆಯಲ್ಲಿ ಗಟ್ಟಿಯಾಗಿ ಕೇಳಲೆಂದು ಮೈದಾನದ ಮೈಕಿಗೂ ಅದೇ ಜರಡಿಯನ್ನು ಹಾಕಿಸಿದ್ದರು. ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದದ್ದೇನಿತ್ತು, ಊರಿಗೆಲ್ಲ ಹಂಚಿದ ಮೇಲೆ?

ಮೈದಾನ ಎದ್ದು ನಿಂತಿತು. ‘ಹೊಡಿ!’ ಎಂದು ಸಾವಿರ ಕಂಠ ಕೂಗಿತು. ಮುದುಕರು ಕೂಗಿದರು, ಹಾಲು ಕುಡಿಯುವ ಕೂಸನ್ನು ಎತ್ತಿ ಹಿಡಿದ ತಾಯಂದಿರು ಕೂಗಿದರು. ನೀಲಗಂಗಾ “ಅಲ್ಲ, ಅಲ್ಲ, ಹಂಗಲ್ಲ” ಎಂದಳು. ಅದೂ ನಡುಗಿತು, ಅದೂ ಹೋಯಿತು. ‘ಹೊಡಿಬ್ಯಾಡ’ ಎಂದು ಇನ್ನಷ್ಟು ಜೋರಾಗಿ ಹೇಳಿದಳು; ಮತ್ತೆ ‘ಹೊಡಿ’ ಮಾತ್ರ ದಾಟಿತು, ಮೈದಾನ ಮತ್ತೆ ಕೂಗಿತು. ಕಣಿವೆಯಲ್ಲಿ ಈರ್ಯಾನಿಗೆ ಹೀಗೇ ಆಗಿತ್ತು. ಹೂವಿನ ಹಾರವೊಂದು ಹಾರಿ ಬಂದು ಅವಳ ಹೆಗಲ ಮೇಲೆ ಬಿತ್ತು.

ಆ ಇಡೀ ಮೈದಾನದಲ್ಲಿ ಅವಳ ಮಾತನ್ನು ಪೂರ್ತಿ ಕೇಳಿದವಳು ಒಬ್ಬಳೇ. ತೋಳಳತೆಯಲ್ಲಿ ನಿಂತಿದ್ದ ಕಸ್ತೂರಿಗೆ ಅಮ್ಮನ ಬಾಯಿಂದ ಒಂದು ಕೇಳುತ್ತಿತ್ತು, ಕಂಬಗಳಿಂದ ಇನ್ನೊಂದು. ಅವಳು ಅಮ್ಮನ ತುಟಿ ನೋಡಿದಳು, ಕಂಬ ನೋಡಿದಳು, ಕೂಗುತ್ತಿದ್ದ ಜನರನ್ನು ನೋಡಿದಳು. ಭರ್ತಿಯ ಅಧಿಕಾರಿ ಅಂಗಿಯನ್ನು ಚಾಲೂ ಮಾಡಲು ಬಂದಾಗ ಅವನ ಕೈ ಹಿಡಿದು ತಡೆದಳು. ಕುತ್ತಿಗೆಯ ಗುಂಡಿ ಬಿಚ್ಚುತ್ತ ಅಮ್ಮನ ಹತ್ತಿರ ಬಂದಳು.

“ಅವ್ವಾ, ನೀರಿಗೆ ಹೊಂಟವರು ಯಾರಿದ್ರು? ಅವರ ಹೆಸರೇನು?”

ನೀಲಗಂಗಾ ಬಾಯಿ ತೆರೆದಳು. ಈರ್ಯಾನ ಹೆಸರು ನಾಡಿಗೆ ಗೊತ್ತು. ಅವನು ಕಲಿತ ಶಾಲೆ ಗೊತ್ತು, ಅವನಿಗೆ ಇಷ್ಟವಾದ ಎಣ್ಣೆಗಾಯಿ ಪಲ್ಯ ಗೊತ್ತು. ಆ ಮುದುಕ, ಆ ಇಬ್ಬರು ಹೆಣ್ಣುಮಕ್ಕಳು, ಆ ಕೂಸು? ಸರ್ಕಾರ ಕೇಳಿರಲಿಲ್ಲ. ಮಾಲೆ ಹಾಕಿದವರು ಕೇಳಿರಲಿಲ್ಲ. ಗಿರಣಿಯಲ್ಲಿ ತಮ್ಮ ತಾನಾಗಿ ಹೇಳುತ್ತಿದ್ದಾಗ ಅವಳು ಕೇಳಿದ್ದು ಪದಕದ ಬಗ್ಗೆ.

ಅವಳು ತಲೆ ತಗ್ಗಿಸಿದಳು. ಇನ್ನು ಬಚ್ಚಿಡುವುದೇನೂ ಉಳಿಯದಿದ್ದುದರಿಂದಲೋ ಏನೋ, ದನಿಯ ನಡುಕ ನಿಂತಿತ್ತು.

“ನಾ ಕೇಳಲೇ ಇಲ್ಲವಾ,” ಎಂದಳು.

ಆ ಮಾತು ಒಂದಕ್ಷರವೂ ಸೋರದೆ ಕಂಬಕಂಬದಿಂದಲೂ ಹೊರಟು ಇಡೀ ಮೈದಾನಕ್ಕೆ ಕೇಳಿಸಿತು.